ಕಿಡ್ನಿ ಸೋತ ನಾಯಿಯನ್ನು ಬೀಳ್ಕೊಡುವುದು ಯಾವಾಗ?

ಹೊಲ ಕಾಯುವ ನಾಯಿ ಮುದ್ದೆ ಬಿಟ್ಟು ಬರೀ ನೀರು ಕುಡಿಯುತ್ತಾ, ಪದೇ ಪದೇ ಉಚ್ಚೆ ಹೊಯ್ಯುತ್ತಿದ್ದರೆ ಕಿಡ್ನಿ ಪರೀಕ್ಷೆ ಮಾಡಿಸಬೇಕು. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಶಕ್ತಿ ಹೋಗಿರುತ್ತದೆ. ಹಳೆಯ ಕಾಯಿಲೆಯಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 5 ಮಿಲಿಗ್ರಾಂ ದಾಟಿದರೆ 4ನೇ ಹಂತ, ಅಂದರೆ ಕೊನೆಯದು. ಆದರೂ ದಯಾಮರಣ ಕೊಟ್ಟು ಬೀಳ್ಕೊಡುವ ದಿನವನ್ನು ಲ್ಯಾಬ್ ಚೀಟಿ ನಿರ್ಧರಿಸಬಾರದು. ಅದೇ ಅಂಕಿಯಲ್ಲಿ ಒಂದು ನಾಯಿ ಬಾಲ ಆಡಿಸಿಕೊಂಡು ಉಣ್ಣುತ್ತದೆ, ಇನ್ನೊಂದು ಬಾಯಿಹುಣ್ಣು, ವಾಂತಿಯಲ್ಲಿ ನರಳುತ್ತದೆ. ಮೊದಲು ಡ್ರಿಪ್, ಔಷಧಿ ಕೊಡಿಸಿ ನೋಡಿ. ಇಲಿಜ್ವರದಿಂದ ದಿಢೀರನೆ ಕೆಟ್ಟ ಕಿಡ್ನಿ ಚೇತರಿಸಿಕೊಳ್ಳಲೂಬಹುದು. ವರ್ಷಗಟ್ಟಲೆ ಸವೆದದ್ದು ಮರಳುವುದಿಲ್ಲ.

'ಜೀವ ತೆಗೆಯೋಕೆ ನಾವ್ಯಾರು?' ಎನ್ನುವವರಿದ್ದಾರೆ. ಆ ಮಾತಿಗೆ ತೂಕವಿದೆ, ಒಪ್ಪೋಣ. ಆದರೆ ತಾನಾಗಿ ಬರುವ ಕಿಡ್ನಿ ಸಾವು ನಿದ್ದೆಯಂತಲ್ಲ: ರಕ್ತದಲ್ಲಿ ಕಶ್ಮಲ ತುಂಬಿ ದಿನಗಟ್ಟಲೆ ವಾಕರಿಕೆ, ಕೆಲವೊಮ್ಮೆ ಫಿಟ್ಸ್. ಪಶುವೈದ್ಯರು ಕೊಡುವ ಹೆಚ್ಚಿನ ಪ್ರಮಾಣದ ಅರಿವಳಿಕೆಯಲ್ಲಿ ಮೊದಲು ಪ್ರಜ್ಞೆ ಹೋಗುತ್ತದೆ, ಆಮೇಲೆ ಉಸಿರು. ಕಾಯುವುದರಿಂದ ಉಳಿಯುವುದು ನಮ್ಮ ಸಮಾಧಾನ, ನೋವು ಮಾತ್ರ ನಾಯಿಯದು. ಗೋಡೆಯ ಕ್ಯಾಲೆಂಡರಿನಲ್ಲಿ ಅದು ಉಂಡ ದಿನ, ಎದ್ದು ಓಡಾಡಿದ ದಿನ ಗುರುತು ಹಾಕುತ್ತಾ ಬನ್ನಿ. ಚಿಕಿತ್ಸೆ ಕೊಟ್ಟ ಮೇಲೂ ಖಾಲಿ ದಿನಗಳೇ ಹೆಚ್ಚಾದರೆ, ಆ ಹಾಳೆ ಹಿಡಿದು ಪಶುವೈದ್ಯರ ಹತ್ತಿರ ಹೋಗಿ.