ಕೀಲಿಕೈ ಸಿಕ್ಕರೆ ಸಾಲದು: ಹೊಸ ಫ್ಲ್ಯಾಟ್ ಕೊಂಡು ಕಾಯುತ್ತಿರುವವರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ನಗರವಾಸಿಗಳು ಈ ಗಾದೆಯನ್ನು ತುಸು ತಿದ್ದಿಕೊಳ್ಳಬೇಕಾದ ಕಾಲ ಬಂದಿದೆ. ಇಂದು ಮನೆ ಕಟ್ಟುವವರು ಬೇರೆ, ಹಣ ಕಟ್ಟುವವರು ಬೇರೆ. ಕಟ್ಟಿದ ಹಣವು ಮನೆಯಾಗಿ ಕೈಸೇರುವ ತನಕ ಕಾಯುವುದಷ್ಟೇ ಕೊಂಡವರ ಪಾಲಿಗೆ ಉಳಿದ ಕೆಲಸ.

ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಕನಕಪುರ ರಸ್ತೆ, ಯಲಹಂಕ ಹೀಗೆ ರಾಜಧಾನಿಯ ಯಾವ ದಿಕ್ಕಿಗೆ ಹೊರಟರೂ ಅರ್ಧ ಎದ್ದು ನಿಂತ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಅವುಗಳ ಒಂದೊಂದು ಮಹಡಿಯ ಹಿಂದೆಯೂ ಎಲ್ಲೋ ಒಂದು ಬಾಡಿಗೆ ಮನೆಯಲ್ಲಿ ದಿನ ಎಣಿಸುತ್ತಿರುವ ಕುಟುಂಬಗಳಿವೆ. ಹೀಗೆ ಕಾಯುವಾಗ ಎದುರಾಗುವ ಮುಖ್ಯ ಪ್ರಶ್ನೆ ಒಂದೇ: ಮನೆ 'ಪೂರ್ಣಗೊಂಡಿದೆ' ಎಂದು ಹೇಳುವ ಅಧಿಕಾರ ಯಾರದು? ಗೋಡೆಗೆ ಬಣ್ಣ ಬಳಿದ ಮಾತ್ರಕ್ಕೆ, ಕೀಲಿಕೈ ಕೊಟ್ಟ ಮಾತ್ರಕ್ಕೆ, ಗೃಹಪ್ರವೇಶದ ಹೋಮ ನಡೆದ ಮಾತ್ರಕ್ಕೆ ಕಾನೂನಿನ ಕಣ್ಣಿನಲ್ಲಿ ಮನೆ ಪೂರ್ಣಗೊಳ್ಳುವುದಿಲ್ಲ. ಈ ವ್ಯತ್ಯಾಸ ಅರಿಯದೆ ಅವಸರಪಟ್ಟವರು ಕಾದ ಕಾಲದ ಫಲವನ್ನೇ ಕಳೆದುಕೊಳ್ಳುವ ಸಾಧ್ಯತೆ ಇದೆ.

ಕಾಯುವುದಕ್ಕೂ ಬೆಲೆಯಿದೆ

ಒಂದು ಲೆಕ್ಕ ನೋಡೋಣ. ಕುಟುಂಬವೊಂದು ಕೈಯಿಂದ 10 ಲಕ್ಷ ರೂಪಾಯಿ ಹಾಕಿ, ಬ್ಯಾಂಕಿನಿಂದ ಈವರೆಗೆ 40 ಲಕ್ಷ ರೂಪಾಯಿ ಬಿಡುಗಡೆ ಮಾಡಿಸಿ ಬಿಲ್ಡರ್‌ಗೆ ಕಟ್ಟಿದೆ ಎಂದಿಟ್ಟುಕೊಳ್ಳಿ. ಬಡ್ಡಿ ದರ ಶೇ 8.5 ಇದ್ದರೆ ತಿಂಗಳಿಗೆ ಬಡ್ಡಿಯೇ ಸುಮಾರು 28,300 ರೂಪಾಯಿ. ಅದರ ಜೊತೆಗೆ ಈಗ ವಾಸವಿರುವ ಮನೆಯ ಬಾಡಿಗೆ 22,000 ರೂಪಾಯಿ. ಎರಡೂ ಸೇರಿ ತಿಂಗಳಿಗೆ 50,000 ರೂಪಾಯಿ ದಾಟುತ್ತದೆ. ಯೋಜನೆ ಹದಿನೆಂಟು ತಿಂಗಳು ತಡವಾದರೆ ಆ ಕುಟುಂಬ ಹೆಚ್ಚುವರಿಯಾಗಿ ತೆರುವ ಮೊತ್ತ ಒಂಬತ್ತು ಲಕ್ಷ ರೂಪಾಯಿಗಳಿಗೂ ಮಿಕ್ಕಿದ್ದು. ಮಕ್ಕಳ ಶಾಲೆಯನ್ನು ಹೊಸ ಮನೆಯ ಬಳಿಗೆ ಬದಲಿಸಿದವರ, ನಿವೃತ್ತಿಯ ಹಣ ತೊಡಗಿಸಿದವರ ಪಾಡು ಈ ಲೆಕ್ಕಕ್ಕೆ ಸೇರಿಲ್ಲ.

ತೆರಿಗೆಯ ಏಟು ಬೇರೆ. ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಸ್ವಂತ ವಾಸದ ಮನೆಯ ಸಾಲದ ಬಡ್ಡಿಯ ಮೇಲೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ವಿನಾಯಿತಿ ಇದೆ. ಆದರೆ ಸಾಲ ಪಡೆದ ಹಣಕಾಸು ವರ್ಷದ ಕೊನೆಯಿಂದ ಐದು ವರ್ಷಗಳೊಳಗೆ ಮನೆ ಪೂರ್ಣಗೊಳ್ಳದಿದ್ದರೆ ಈ ಮಿತಿ 30,000 ರೂಪಾಯಿಗೆ ಇಳಿಯುತ್ತದೆ. ತಡ ಮಾಡಿದವರು ಬಿಲ್ಡರ್, ವಿನಾಯಿತಿ ಕಳೆದುಕೊಳ್ಳುವವರು ಕೊಂಡವರು.

ಯಾವ ದಿನಾಂಕವನ್ನು ನಂಬಬೇಕು?

ಹೊಸ ಫ್ಲ್ಯಾಟ್‌ಗೆ ಸಾಮಾನ್ಯವಾಗಿ ಮೂರು ದಿನಾಂಕಗಳಿರುತ್ತವೆ. ಮೊದಲನೆಯದು ಮಾರಾಟ ಪ್ರತಿನಿಧಿ ಬಾಯಿಮಾತಿನಲ್ಲಿ ಹೇಳಿದ್ದು. ಎರಡನೆಯದು ಮಾರಾಟ ಕರಾರು ಪತ್ರದಲ್ಲಿ ಬರೆದಿರುವುದು. ಮೂರನೆಯದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾದಲ್ಲಿ ಯೋಜನೆಯನ್ನು ನೋಂದಾಯಿಸುವಾಗ ಬಿಲ್ಡರ್ ಘೋಷಿಸಿದ್ದು.

ಬಾಯಿಮಾತಿನ ದಿನಾಂಕಕ್ಕೆ ಬೆಲೆಯಿಲ್ಲ. ವಿಳಂಬವನ್ನು ಎಣಿಸಲು ಮುಖ್ಯವಾಗುವುದು ಕರಾರಿನಲ್ಲಿರುವ ದಿನಾಂಕ. ರೇರಾ ನೋಂದಣಿಯ ಅವಧಿ ವಿಸ್ತರಣೆಯಾದರೆ ಕರಾರಿನ ದಿನಾಂಕವೂ ತಾನಾಗಿ ಮುಂದಕ್ಕೆ ಹೋಗುತ್ತದೆ ಎಂಬ ಭಾವನೆ ಹಲವರಲ್ಲಿದೆ, ಅದು ಸರಿಯಲ್ಲ. ಕೊಂಡವರಿಗೆ ಮನೆ ಒಪ್ಪಿಸುವಲ್ಲಿ ಆದ ವಿಳಂಬವನ್ನು ಕರಾರಿನ ದಿನಾಂಕದಿಂದಲೇ ಲೆಕ್ಕ ಹಾಕಬೇಕು ಎಂದು ಬಾಂಬೆ ಹೈಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿದೆ.

ಆದ್ದರಿಂದ ಕರಾರನ್ನು ಓದುವಾಗ ಎರಡು ಅಂಶಗಳಿಗೆ ಕೆಂಪು ಗೆರೆ ಎಳೆಯುವುದು ಒಳಿತು. ಒಂದು, ದಿನಾಂಕದ ಪಕ್ಕದಲ್ಲೇ ಇರುವ 'ಹೆಚ್ಚುವರಿ ಅವಧಿ'. ಆರು ತಿಂಗಳೋ ಒಂದು ವರ್ಷವೋ ಅಲ್ಲಿ ಸದ್ದಿಲ್ಲದೆ ಸೇರಿಕೊಂಡಿರಬಹುದು. ಇನ್ನೊಂದು, 'ಅನಿವಾರ್ಯ ಕಾರಣ'ಗಳ ಪಟ್ಟಿ. ಕಾಯ್ದೆಯ ಪ್ರಕಾರ ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಮತ್ತಿತರ ನೈಸರ್ಗಿಕ ವಿಕೋಪಗಳು ಮಾತ್ರ ಇಂತಹ ಕಾರಣಗಳು. ಸಿಮೆಂಟ್ ದುಬಾರಿಯಾಯಿತು, ಕೂಲಿಯಾಳು ಸಿಗಲಿಲ್ಲ ಎಂಬಂಥವು ಅದರಲ್ಲಿಲ್ಲ.

ನಿಮ್ಮ ಹಣ ಎಲ್ಲಿ ಹೋಗುತ್ತದೆ?

ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ ಅಂಗೀಕಾರವಾದದ್ದು 2016ರಲ್ಲಿ. ಅದು ಪೂರ್ಣ ಪ್ರಮಾಣದಲ್ಲಿ ಜಾರಿಗೆ ಬಂದದ್ದು 2017ರ ಮೇ 1ರಂದು. ಕರ್ನಾಟಕದ ನಿಯಮಗಳು ಅದೇ ವರ್ಷದ ಜುಲೈನಲ್ಲಿ ಬಂದವು. ಅದಕ್ಕೂ ಮುನ್ನ ಒಂದು ಯೋಜನೆಗೆಂದು ಪಡೆದ ಹಣವನ್ನು ಇನ್ನೊಂದು ಜಮೀನು ಕೊಳ್ಳಲು ತಿರುಗಿಸುವುದು ಈ ಉದ್ಯಮದ ದೊಡ್ಡ ರೋಗವಾಗಿತ್ತು. ಮೊದಲ ಯೋಜನೆಯ ಕೆಲಸ ನಿಲ್ಲುತ್ತಿದ್ದುದು ಬಹುಪಾಲು ಇದೇ ಕಾರಣಕ್ಕೆ.

ಕಾಯ್ದೆಯು ಈ ರೋಗಕ್ಕೆ ಮದ್ದು ಸೂಚಿಸಿದೆ. ಕೊಂಡವರಿಂದ ಪಡೆದ ಹಣದ ಶೇ 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಅದನ್ನು ಆ ಯೋಜನೆಯ ಜಮೀನು ಮತ್ತು ನಿರ್ಮಾಣ ವೆಚ್ಚಕ್ಕೆ ಮಾತ್ರ ಬಳಸಬೇಕು. ಕೆಲಸ ಎಷ್ಟು ಸಾಗಿದೆಯೋ ಅಷ್ಟೇ ಪ್ರಮಾಣದ ಹಣ ತೆಗೆಯಬಹುದು. ಅದಕ್ಕೂ ಎಂಜಿನಿಯರ್, ವಾಸ್ತುಶಿಲ್ಪಿ ಹಾಗೂ ಲೆಕ್ಕ ಪರಿಶೋಧಕರ ದೃಢೀಕರಣ ಬೇಕು. ಕರಾರು ಪತ್ರ ನೋಂದಣಿಯಾಗುವ ಮುನ್ನ ಒಟ್ಟು ಬೆಲೆಯ ಶೇ 10ಕ್ಕಿಂತ ಹೆಚ್ಚು ಹಣ ಕೇಳುವಂತಿಲ್ಲ. ಕೆಲಸ ಎಲ್ಲಿಗೆ ಬಂದಿದೆ ಎಂಬ ವಿವರವನ್ನು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸಬೇಕು.

ಕಾಯುವವರು ಈ ತ್ರೈಮಾಸಿಕ ವಿವರವನ್ನು ತಪ್ಪದೆ ನೋಡಬೇಕು. ಹತ್ತನೆಯ ಮಹಡಿಯ ಕಾಂಕ್ರೀಟ್ ಕಂತು ಕೇಳಿ ಪತ್ರ ಬಂದಾಗ ಸ್ಥಳಕ್ಕೆ ಹೋಗಿ ಹತ್ತನೆಯ ಮಹಡಿ ಎದ್ದಿದೆಯೇ ಎಂದು ಕಣ್ಣಾರೆ ನೋಡಬೇಕು. ಫೋಟೊ ತೆಗೆದು ದಿನಾಂಕ ಬರೆದಿಡಬೇಕು. ಬ್ಯಾಂಕಿಗೆ ಹಣ ಬಿಡುಗಡೆಯ ಒಪ್ಪಿಗೆ ಕೊಡುವುದು ಅದಾದ ಮೇಲೆ. ಹಾಗೆಂದು ಸಿಟ್ಟಿನಿಂದ ನ್ಯಾಯವಾದ ಕಂತನ್ನು ನಿಲ್ಲಿಸುವುದೂ ಸಲ್ಲ. ಕಂತು ತಪ್ಪಿಸಿದವರು ಬಿಲ್ಡರ್‌ಗೆ ಅದೇ ದರದ ಬಡ್ಡಿ ತೆರಬೇಕೆಂದು ಕಾಯ್ದೆ ಹೇಳುತ್ತದೆ.

'ಮನೆ ಸಿಗುವವರೆಗೆ ನಿಮ್ಮ ಬಡ್ಡಿ ನಾವು ಕಟ್ಟುತ್ತೇವೆ' ಎಂಬ ಕೊಡುಗೆಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಸಾಲ ಇರುವುದು ಕೊಂಡವರ ಹೆಸರಿನಲ್ಲಿ. ಬಿಲ್ಡರ್ ಬಡ್ಡಿ ಕಟ್ಟುವುದನ್ನು ನಿಲ್ಲಿಸಿದ ದಿನ ಬ್ಯಾಂಕ್ ಬಾಗಿಲು ತಟ್ಟುವುದು ಕೊಂಡವರ ಮನೆಯದ್ದೇ. ಇಂತಹ ಯೋಜನೆಗಳಲ್ಲಿ ಬಿಲ್ಡರ್ ಮತ್ತು ಬ್ಯಾಂಕುಗಳ ನಡುವಿನ ನಂಟಿನ ಬಗ್ಗೆ ಸಿಬಿಐ ತನಿಖೆ ನಡೆಸುವಂತೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಆದೇಶಿಸಿದೆ.

ತಡವಾದರೆ ಎರಡು ದಾರಿ

ಕರಾರಿನ ದಿನಾಂಕ ಮೀರಿದರೆ ಕಾಯ್ದೆಯ 18ನೇ ಸೆಕ್ಷನ್ ಕೊಂಡವರ ಮುಂದೆ ಎರಡು ದಾರಿ ಇಡುತ್ತದೆ. ಯೋಜನೆಯಿಂದ ಹೊರಬಂದು ಕಟ್ಟಿದ ಹಣವನ್ನು ಬಡ್ಡಿಸಹಿತ ಮರಳಿ ಕೇಳಬಹುದು. ಇಲ್ಲವೇ ಮನೆಯೇ ಬೇಕೆಂದು ಉಳಿದು, ಮನೆ ಒಪ್ಪಿಸುವವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ ಪಡೆಯಬಹುದು. ಕರ್ನಾಟಕದ ನಿಯಮದಂತೆ ಈ ಬಡ್ಡಿ ದರವು ಭಾರತೀಯ ಸ್ಟೇಟ್ ಬ್ಯಾಂಕಿನ ಸಾಲ ದರವಾದ ಎಂಸಿಎಲ್ಆರ್‌ನ ಗರಿಷ್ಠ ಮಟ್ಟಕ್ಕೆ ಶೇ 2 ಸೇರಿಸಿದಷ್ಟು. ಅದು ಒಟ್ಟು ಶೇ 11 ಎಂದುಕೊಂಡರೆ, ಮೇಲಿನ ಉದಾಹರಣೆಯ ಕುಟುಂಬ ಕಟ್ಟಿದ 50 ಲಕ್ಷ ರೂಪಾಯಿಗೆ ತಿಂಗಳಿಗೆ ಸುಮಾರು 45,800 ರೂಪಾಯಿ ಬರುತ್ತದೆ. ಅಂದರೆ ಬಾಡಿಗೆ ಮತ್ತು ಬಡ್ಡಿಯ ಹೊರೆಯ ಬಹುಭಾಗ ಇದರಿಂದ ತುಂಬುತ್ತದೆ.

ಗಡುವು ಮೀರಿದ ಮೇಲೆ ಹಣ ವಾಪಸ್ ಕೇಳುವುದು ಕೊಂಡವರ ಷರತ್ತಿಲ್ಲದ ಹಕ್ಕು ಎಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಒಂದೇ ಕಡೆಗೆ ವಾಲಿದ ಕರಾರಿನ ಷರತ್ತುಗಳು ಕೊಂಡವರನ್ನು ಕಟ್ಟಿಹಾಕಲಾರವು ಎಂದು ಅದೇ ನ್ಯಾಯಾಲಯ 2019ರಲ್ಲೇ ಹೇಳಿತ್ತು.

ಬೆಂಗಳೂರಿಗೆ ತೀರ ಹತ್ತಿರದ ತೀರ್ಪು ಬಂದದ್ದು 2020ರ ಆಗಸ್ಟ್ 24ರಂದು. ಬೇಗೂರಿನ ವಸತಿ ಸಮುಚ್ಚಯವೊಂದರಲ್ಲಿ ಫ್ಲ್ಯಾಟ್ ಕೊಂಡಿದ್ದ 339 ಮಂದಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. ಅವರ ಕರಾರಿನಲ್ಲಿ ವಿಳಂಬಕ್ಕೆ ನಿಗದಿಯಾಗಿದ್ದ ಪರಿಹಾರ ಚದರ ಅಡಿಗೆ ತಿಂಗಳಿಗೆ ಐದೇ ರೂಪಾಯಿ. 1,500 ಚದರ ಅಡಿಯ ಮನೆಗೆ ಅದು 7,500 ರೂಪಾಯಿ ಮಾತ್ರ. ಇದು ಸಾಲದೆಂದ ನ್ಯಾಯಾಲಯ, ಅದರ ಮೇಲೆ ಕಟ್ಟಿದ ಹಣಕ್ಕೆ ವಾರ್ಷಿಕ ಶೇ 6ರ ಸರಳ ಬಡ್ಡಿ ಕೊಡುವಂತೆ ಆದೇಶಿಸಿತು. ಪರಿಹಾರದ ಹಕ್ಕು ಬಿಟ್ಟುಕೊಟ್ಟರೆ ಮಾತ್ರ ಕ್ರಯಪತ್ರ ಎಂಬ ಧೋರಣೆಯನ್ನೂ ಒಪ್ಪಲಿಲ್ಲ. ಆದರೆ ಬಿಲ್ಡರ್ ಜೊತೆ ರಾಜಿ ಪತ್ರಕ್ಕೆ ಸಹಿ ಹಾಕಿದ್ದವರಿಗೆ ಈ ಪರಿಹಾರ ದೊರೆಯಲಿಲ್ಲ. ಸಹಿಯೊಂದರ ಬೆಲೆ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಕಾಯ್ದೆಗೆ ಮಿತಿಗಳೂ ಇವೆ. ದೂರುಗಳನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬುದು ಕಾಯ್ದೆಯ ಆಶಯವಾದರೂ ವ್ಯವಹಾರದಲ್ಲಿ ಹೆಚ್ಚು ಸಮಯ ಹಿಡಿಯುತ್ತದೆ. ಬಿಲ್ಡರ್ ಹಣ ಕೊಡದಿದ್ದರೆ ಅದನ್ನು ಭೂಕಂದಾಯ ಬಾಕಿಯಂತೆ ವಸೂಲು ಮಾಡಬೇಕು. ಆ ಹೊಣೆ ಕಂದಾಯ ಇಲಾಖೆಯದು. ಆದೇಶ ಕೈಗೆ ಬಂದರೂ ಹಣ ಕೈಗೆ ಬಾರದ ಪ್ರಕರಣಗಳು ರಾಜ್ಯದಲ್ಲಿ ಸಾಕಷ್ಟಿವೆ. ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾದರೆ ಮನೆ ಕೊಂಡವರನ್ನೂ ಹಣಕಾಸು ಸಾಲಗಾರರಿಗೆ ಸಾಲ ಕೊಟ್ಟವರ ಸಾಲಿನಲ್ಲಿಯೇ ಪರಿಗಣಿಸಬೇಕೆಂದು 2018ರಲ್ಲಿ ತಿದ್ದುಪಡಿ ಬಂತು. ಆದರೆ ಅಂತಹ ಅರ್ಜಿಯನ್ನು ಕೊಂಡವರೇ ಹಾಕಬೇಕಾದರೆ ಆ ಯೋಜನೆಯ ಕನಿಷ್ಠ 100 ಮಂದಿ ಅಥವಾ ಶೇ 10ರಷ್ಟು ಮಂದಿ ಒಟ್ಟುಗೂಡಬೇಕು. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಕಾಯುವವರು ಮೊದಲೇ ಸಂಘಟಿತರಾಗಬೇಕು ಎನ್ನುವುದು ಇದಕ್ಕಾಗಿಯೇ.

ಒಸಿ ಇಲ್ಲದ ಮನೆ ಮನೆಯಲ್ಲ

ಈಗ ಮೊದಲ ಪ್ರಶ್ನೆಗೆ ಬರೋಣ. ಮನೆ ವಾಸಕ್ಕೆ ಯೋಗ್ಯವೆಂದು ಹೇಳುವುದು ಒಸಿ ಎಂದೇ ಬಳಕೆಯಲ್ಲಿರುವ ಸ್ವಾಧೀನಾನುಭವ ಪ್ರಮಾಣಪತ್ರ. ಕಟ್ಟಡವು ಮಂಜೂರಾದ ನಕ್ಷೆಯಂತೆಯೇ ಎದ್ದಿದೆಯೇ ಎಂದು ಪರಿಶೀಲಿಸಿ ಸ್ಥಳೀಯ ಯೋಜನಾ ಸಂಸ್ಥೆ ಅಥವಾ ಪಾಲಿಕೆ ಇದನ್ನು ನೀಡುತ್ತದೆ. ಎತ್ತರದ ಕಟ್ಟಡಗಳಿಗೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣೆಯೂ ಬೇಕು. ನಕ್ಷೆ ಮೀರಿ ಒಂದು ಮಹಡಿ ಹೆಚ್ಚಿಸಿದ್ದರೆ, ವಾಹನ ನಿಲುಗಡೆಯ ಜಾಗವನ್ನು ಬೇರೆ ಬಳಕೆಗೆ ತಿರುಗಿಸಿದ್ದರೆ ಒಸಿ ಸಿಗುವುದು ಕಷ್ಟ.

ಇಂತಹ ಸಂದರ್ಭಗಳಲ್ಲೇ 'ಒಸಿ ಆಮೇಲೆ ಬರುತ್ತದೆ, ನೀವು ಒಳಾಂಗಣದ ಕೆಲಸ ಶುರುಮಾಡಿ' ಎಂಬ ಮಾತು ಕೇಳಿಬರುತ್ತದೆ. ಬಾಡಿಗೆ, ಬಡ್ಡಿ ಎರಡನ್ನೂ ಕಟ್ಟಿ ಸೋತ ಕುಟುಂಬಕ್ಕೆ ಆ ಮಾತು ಅಮೃತದಂತೆ ಕೇಳುತ್ತದೆ. ಒಳ್ಳೆಯ ಮುಹೂರ್ತವೂ ಸಿಕ್ಕಿದರೆ ಗೃಹಪ್ರವೇಶ ನಡೆದೇ ಬಿಡುತ್ತದೆ. ಆ ಕ್ಷಣದಿಂದ ಬಿಲ್ಡರ್‌ಗೆ ಅವಸರವಿರುವುದಿಲ್ಲ; ತಡವಾಯಿತೆಂಬ ಕೊಂಡವರ ವಾದವೂ ಸಡಿಲವಾಗುತ್ತದೆ.

ಒಸಿ ಪಡೆಯುವುದು ಬಿಲ್ಡರ್ ಹೊಣೆ ಎಂದು ಕಾಯ್ದೆಯೇ ಹೇಳಿದೆ. ಅದನ್ನು ಪಡೆದುಕೊಡದಿರುವುದು ಸೇವಾ ನ್ಯೂನತೆ ಎಂದು ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ತೀರ್ಪಿತ್ತಿದೆ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಅದು ಇನ್ನೂ ಮುಂದೆ ಹೋಗಿ, ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ತೋರಿಸಿದ ನಂತರವೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬೇಕೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ನಿರ್ದೇಶಿಸಿತು. ಅಂದರೆ ಒಸಿ ಇಲ್ಲದ ಮನೆಯಲ್ಲಿ ದೀಪ ಮತ್ತು ನಲ್ಲಿಯೂ ಅನುಮಾನಕ್ಕೆ ಒಳಪಟ್ಟಂತೆ.

ಹಲವು ಗೋಪುರಗಳಿರುವ ಯೋಜನೆಗಳಲ್ಲಿ ಭಾಗಶಃ ಒಸಿ ನೀಡುವುದುಂಟು. ತೋರಿಸಿದ ಪತ್ರದಲ್ಲಿ ನಿಮ್ಮ ಗೋಪುರ, ನಿಮ್ಮ ಮಹಡಿ ಸೇರಿದೆಯೇ ಎಂದು ಓದಿ ನೋಡಬೇಕು. ಇದಕ್ಕೆ ತೆರಿಗೆಯ ಸಂಬಂಧವೂ ಇದೆ. ನಿರ್ಮಾಣ ಹಂತದ ಮನೆಗೆ 2019ರ ಏಪ್ರಿಲ್‌ನಿಂದ ಶೇ 5ರ ಜಿಎಸ್‌ಟಿ ಇದೆ. ನಿಗದಿತ ಅಳತೆಯ, 45 ಲಕ್ಷ ರೂಪಾಯಿ ಮೀರದ ಮನೆಗಳಿಗೆ ಶೇ 1. ಪೂರ್ಣಗೊಂಡ ಪ್ರಮಾಣಪತ್ರ ಬಂದ ಬಳಿಕ ಮಾರಿದ ಮನೆಗೆ ಜಿಎಸ್‌ಟಿ ಇಲ್ಲ. ಸಿದ್ಧ ಮನೆ ದುಬಾರಿ ಎನ್ನುವವರು ಈ ತೆರಿಗೆಯನ್ನೂ ಕಾಯುವ ತಿಂಗಳುಗಳ ಬಾಡಿಗೆಯನ್ನೂ ಕೂಡಿಸಿ ನೋಡಬೇಕು.

ಕೀಲಿಕೈ ಪಡೆಯುವ ದಿನ

ಒಸಿ ಬಂದ ಮೇಲೆ ಕೊಂಡವರೂ ಸುಮ್ಮನೆ ಕೂರುವಂತಿಲ್ಲ. ಎರಡು ತಿಂಗಳೊಳಗೆ ಮನೆ ವಹಿಸಿಕೊಳ್ಳಬೇಕು. ಬಿಲ್ಡರ್ ಮೂರು ತಿಂಗಳೊಳಗೆ ಕ್ರಯಪತ್ರ ಮಾಡಿಕೊಡಬೇಕು. ವಹಿಸಿಕೊಳ್ಳುವ ಮುನ್ನ ಹಗಲು ಬೆಳಕಿನಲ್ಲಿ ಮನೆ ನೋಡಿ. ಕಾರ್ಪೆಟ್ ವಿಸ್ತೀರ್ಣ ಅಳೆಯಿರಿ. ಬಚ್ಚಲಿನಲ್ಲಿ ನೀರು ಬಿಟ್ಟು ಇಳಿಜಾರು ಪರೀಕ್ಷಿಸಿ. ಕಂಡ ಲೋಪಗಳನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 'ಎಲ್ಲವೂ ತೃಪ್ತಿಕರ, ಯಾವ ಹಕ್ಕುಬಾಧ್ಯತೆಯೂ ಬಾಕಿ ಇಲ್ಲ' ಎಂಬ ಮುದ್ರಿತ ಪತ್ರಕ್ಕೆ ಓದದೆ ಸಹಿ ಹಾಕಬೇಡಿ. ಮನೆ ಒಪ್ಪಿಸಿದ ದಿನದಿಂದ ಐದು ವರ್ಷಗಳವರೆಗೆ ಕಟ್ಟಡದ ರಚನೆ ಅಥವಾ ಕಾಮಗಾರಿಯಲ್ಲಿ ದೋಷ ಕಂಡುಬಂದರೆ, ತಿಳಿಸಿದ 30 ದಿನಗಳೊಳಗೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಿಕೊಡಬೇಕು.

ಕಾಯುವುದು ಕಷ್ಟ ನಿಜ. ಆದರೆ ಕರಾರಿನ ಪ್ರತಿ, ಕಂತಿನ ರಸೀದಿ, ಮಹಡಿಯ ಫೋಟೊ, ಬರೆದ ಪತ್ರಗಳು ಇರುವ ಒಂದು ಕಡತ ಜೊತೆಗಿದ್ದರೆ ಕಾದ ಪ್ರತಿ ತಿಂಗಳಿಗೂ ಲೆಕ್ಕ ಕೇಳಬಹುದು. ಇಷ್ಟು ವರ್ಷ ಕಾದವರು ಕೊನೆಯ ಒಂದು ಕಾಗದಕ್ಕಾಗಿ ಇನ್ನು ಕೆಲವು ತಿಂಗಳು ಕಾಯುವುದೇ ಜಾಣತನ. ಮುಹೂರ್ತ ಇನ್ನೊಂದು ಸಿಗುತ್ತದೆ. ಕೊಟ್ಟ ಸಹಿಯನ್ನು ಹಿಂದಕ್ಕೆ ಪಡೆಯುವುದು ಅಷ್ಟು ಸುಲಭವಲ್ಲ.