ಕೂಡಿ ಕಲಿಯುವ ಗುರುಗಳು

ಹಂಪೆಯ ಕಲ್ಲಿನ ರಥವು ನೋಡುವವರಿಗೆ ಏಕಶಿಲೆಯಂತೆ ತೋರುತ್ತದೆ. ವಾಸ್ತವವಾಗಿ ಅದು ಹಲವು ಕಲ್ಲುಗಳನ್ನು ಹೊಂದಿಸಿ ಕಟ್ಟಿದುದು. ಹಲವು ಕೈಗಳು ಒಂದಾಗಿ ದುಡಿದುದರ ಫಲ. ಆದರೆ ಅದೇ ಸೀಮೆಯ ಶಾಲೆಗಳಲ್ಲಿ ಉಪಾಧ್ಯಾಯರು ಬಹುಮಟ್ಟಿಗೆ ಒಂಟಿಗಳು.

2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿಯೇ ಉಳಿದವು. ಗಡಿ ಬದಲಾದರೂ ಶಾಲೆಗಳ ಸಮಸ್ಯೆ ಬದಲಾಗಲಿಲ್ಲ. ಸಂಡೂರಿನ ತಾಂಡಾಗಳಲ್ಲಿ ಮಗುವಿನ ಮನೆಮಾತು ಲಂಬಾಣಿ. ಕಂಪ್ಲಿಯ ಕಡೆ ಕನ್ನಡದೊಡನೆ ತೆಲುಗೂ ಉಂಟು. ಇಂತಹ ಮಗುವಿಗೆ ಕನ್ನಡದ ಮೊದಲ ಪಾಠವನ್ನು ಹೇಳುವ ಬಗೆ ಹೇಗೆ? ಒಬ್ಬ ಉಪಾಧ್ಯಾಯಿನಿ ತಾನಾಗಿ ಉಪಾಯವೊಂದನ್ನು ಕಂಡುಕೊಂಡರೂ ಪಕ್ಕದೂರಿನವರಿಗೆ ಅದು ತಿಳಿಯುವುದಿಲ್ಲ. ಆಕೆಗೆ ವರ್ಗವಾದೊಡನೆ ಆ ವಿದ್ಯೆಯೂ ಊರು ಬಿಡುತ್ತದೆ.

ನೆರೆಯ ಶಾಲೆಗಳು ಒಂದು ಸಮುಚ್ಚಯವಾಗಿ ಕೂಡಿ ನಡೆಯಬೇಕೆಂದು ಕೊಠಾರಿ ಆಯೋಗವು 1966ರ ವರದಿಯಲ್ಲಿಯೇ ಸೂಚಿಸಿತ್ತು. ಇಂದು ಕರ್ನಾಟಕದಲ್ಲಿ ಸಮೂಹ ಸಂಪನ್ಮೂಲ ಕೇಂದ್ರಗಳಿವೆ, ಸಮಾಲೋಚನಾ ಸಭೆಗಳಿವೆ. ಸಭೆಯ ಹೊತ್ತೆಲ್ಲ ಸುತ್ತೋಲೆ ಓದುವುದರಲ್ಲಿ, ಅಂಕಿಅಂಶ ತುಂಬುವುದರಲ್ಲಿ ಕಳೆದರೆ ಕಲಿಕೆಗೆ ಉಳಿಯುವುದೇನು?

ಕೂಡಿ ಕಲಿತರೆ ಆಗುವುದೇನೆಂಬುದಕ್ಕೆ ನಾಡಿನಲ್ಲಿಯೇ ನಿದರ್ಶನವುಂಟು. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ಆಂಧ್ರದ ಮದನಪಲ್ಲೆಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿಯ ಶಾಲೆಗಳನ್ನು ಕಂಡು ಬಂದರು. ಯುನಿಸೆಫ್ ನೆರವಾಯಿತು. ಕಂಡುದನ್ನು ಹಾಗೆಯೇ ಅನುಕರಿಸದೆ, ಜೊತೆಯಾಗಿ ಕುಳಿತು ತಮ್ಮ ಮಕ್ಕಳಿಗೆ ತಕ್ಕ ಕಲಿಕೆಯ ಕಾರ್ಡುಗಳನ್ನು ರಚಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು.

ಇಂತಹ ಕಾರ್ಯ ಉಪದೇಶದಿಂದ ಆಗುವುದಲ್ಲ. ಆಡಳಿತವೇ ಅದಕ್ಕೆ ನೆಲ ಹದಮಾಡಿಕೊಡಬೇಕು. ವೇಳಾಪಟ್ಟಿಯಲ್ಲಿ ಕೂಡಿ ಕಲಿಯುವುದಕ್ಕೆಂದೇ ಹೊತ್ತು ಮೀಸಲಾಗಬೇಕು. ಜಪಾನಿನಲ್ಲಿ ಉಪಾಧ್ಯಾಯರು ಒಂದು ಪಾಠವನ್ನು ಕೂಡಿ ಯೋಜಿಸುತ್ತಾರೆ. ಒಬ್ಬರು ಬೋಧಿಸುವಾಗ ಉಳಿದವರು ಮಕ್ಕಳನ್ನು ಗಮನಿಸಿ, ಅನಂತರ ಚರ್ಚಿಸುತ್ತಾರೆ. ಅಲ್ಲಿ ಪರೀಕ್ಷೆಗೊಳಗಾಗುವುದು ಪಾಠ, ಉಪಾಧ್ಯಾಯನಲ್ಲ. ಇಲ್ಲಿಯೂ ತಪಾಸಣೆಗೆ ಬಂದ ಅಧಿಕಾರಿ ತಪ್ಪು ಹುಡುಕುವುದಕ್ಕೆ ಮೊದಲು ತೊಡಕೇನೆಂದು ಕೇಳಬೇಕು. ಮುಖ್ಯೋಪಾಧ್ಯಾಯರು ಗುಂಪಿನಲ್ಲಿ ತಾವೂ ಒಬ್ಬ ಕಲಿಯುವವರಾಗಿ ಕೂರಬೇಕು. ‘ನನ್ನ ಪಾಠ ಮಕ್ಕಳಿಗೆ ಹತ್ತಲಿಲ್ಲ’ ಎಂದು ಹೇಳಿಕೊಂಡವರಿಗೆ ನೋಟೀಸಿನ ಬದಲು ನೆರವು ದೊರೆಯಬೇಕು. ಹೊಗಳಿಕೆ ಒಬ್ಬರ ಪಾಲಾಗದೆ ಗುಂಪಿನದಾಗಬೇಕು.

ಏಕೋಪಾಧ್ಯಾಯ ಶಾಲೆಯಿಂದ ಸಭೆಗೆ ಹೊರಟವರ ಬದಲಿಗೆ ಪಾಠ ಹೇಳುವವರಾರು ಎಂಬ ಪ್ರಶ್ನೆ ಸುಲಭವಾದುದಲ್ಲ. ಆದರೆ ಹೆಚ್ಚಾಗಿ ಸಂಗಾತಿಗಳು ಬೇಕಾದುದು ಅಂತಹ ಉಪಾಧ್ಯಾಯರಿಗೇ. ಬದಲಿ ವ್ಯವಸ್ಥೆ ಮಾಡಿ ಅವರನ್ನು ಕಳುಹಿಸಿಕೊಟ್ಟರೆ, ತಾಂಡಾದ ಮಗುವಿಗೆ ಒಬ್ಬ ಗುರುವಿನ ಅನುಭವದ ಬದಲು ಹತ್ತು ಗುರುಗಳ ಅನುಭವ ಒದಗುತ್ತದೆ.