ಹಲ್ಲುನೋವಿನ ಬಿಲ್ಲಿಗೆ ವಿಮೆ ಎಷ್ಟು ಕೊಡುತ್ತದೆ?

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಂದು ಅನೇಕ ಮನೆಗಳಲ್ಲಿ ಆರೋಗ್ಯ ಕಾರ್ಡಿದೆ, ವಿಮೆಯ ಪಾಲಿಸಿಯಿದೆ. ಆದರೆ ಹಲ್ಲು ನೋಯುವ ದಿನ ಅವು ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ. ಏಕೆ?

ಮಳವಳ್ಳಿಯ ಹೈಸ್ಕೂಲು ಹುಡುಗಿಯೊಬ್ಬಳಿಗೆ ಪರೀಕ್ಷೆಯ ವಾರದಲ್ಲಿ ದವಡೆ ಹಲ್ಲು ನೋವು ಬಂತು ಎಂದಿಟ್ಟುಕೊಳ್ಳಿ. ತಂದೆ ಪಾಲಿಸಿ ಹಿಡಿದು ಖಾಸಗಿ ದಂತವೈದ್ಯರಲ್ಲಿಗೆ ಕರೆದೊಯ್ಯುತ್ತಾರೆ. ರೂಟ್ ಕೆನಾಲ್ ಚಿಕಿತ್ಸೆ ಆಗಬೇಕು. ಎರಡು ಮೂರು ಸಲ ಬಂದುಹೋದರೆ ಸಾಕು, ರಾತ್ರಿ ತಂಗಬೇಕಾಗಿಲ್ಲ. ತೊಡಕು ಇರುವುದೇ ಇಲ್ಲಿ. ಸಾಮಾನ್ಯ ಆರೋಗ್ಯ ವಿಮೆ ಮುಖ್ಯವಾಗಿ ಕನಿಷ್ಠ 24 ಗಂಟೆ ಆಸ್ಪತ್ರೆಗೆ ದಾಖಲಾದವರ ಖರ್ಚಿಗೆ. ಕುರ್ಚಿಯಲ್ಲಿ ಕೂತು ಎದ್ದುಬಂದ ಹೊರರೋಗಿಯ ಬಿಲ್ಲು ಅದರ ಲೆಕ್ಕಕ್ಕೆ ಸೇರದು.

ವಿಮೆಯ ತತ್ವವೇ ಹಾಗೆ. ಅನೇಕರು ಸ್ವಲ್ಪಸ್ವಲ್ಪ ಹಣ ಹಾಕಿ, ಅಪರೂಪಕ್ಕೆ ಒಬ್ಬರಿಗೆ ಬರುವ ದೊಡ್ಡ ಖರ್ಚನ್ನು ಹಂಚಿಕೊಳ್ಳುತ್ತಾರೆ. ಹುಳುಕು ಹಲ್ಲು ಅಪರೂಪವಲ್ಲ.

ಬಿದ್ದು ಪೆಟ್ಟಾದರೆ?

ಅದೇ ಹುಡುಗಿ ಸೈಕಲ್ಲಿನಿಂದ ಬಿದ್ದು ದವಡೆ ಮುರಿದು ಆಸ್ಪತ್ರೆಗೆ ಸೇರಿದರೆ ಲೆಕ್ಕ ಬೇರೆ. 2020ರ ಏಪ್ರಿಲ್‌ನಲ್ಲಿ ಬಂದ 'ಆರೋಗ್ಯ ಸಂಜೀವನಿ' ಪಾಲಿಸಿಯನ್ನೇ ನೋಡಿ. ಕಾಯಿಲೆ ಅಥವಾ ಗಾಯದಿಂದ ಅಗತ್ಯವಾದ ದಂತ ಚಿಕಿತ್ಸೆಗೂ ಒಳರೋಗಿಗೆ ಅದರಲ್ಲಿ ಹಣ ಸಿಗುತ್ತದೆ. ಶೇ. 5ರ ಪಾಲು ರೋಗಿಯದು. ಒಪ್ಪಿಗೆಯಾದ ಬಿಲ್ಲು 20,000 ರೂಪಾಯಿ ಆದರೆ ಮನೆಯವರು 1,000, ಕಂಪನಿ 19,000 ಕೊಡಬೇಕು. ತುರ್ತಾಗಿ ದಾಖಲಾದುದನ್ನು 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು. ಮೊದಲು ಕೈಯಿಂದ ಕಟ್ಟಿದ್ದರೆ, ಆಸ್ಪತ್ರೆಯಿಂದ ಬಿಟ್ಟ 30 ದಿನದೊಳಗೆ ಮೂಲ ಬಿಲ್ಲು, ರಸೀದಿ, ಡಿಸ್ಚಾರ್ಜ್ ಪತ್ರ, ಎಕ್ಸ್‌ರೇಗಳೊಂದಿಗೆ ಅರ್ಜಿ ಸಲ್ಲಿಸಬೇಕು. ರಸೀದಿ ಕಳೆದರೆ ಹಣವೂ ಹೋದಂತೆಯೇ.

ಕಾರ್ಖಾನೆಯ ಕುಟುಂಬಗಳಿಗೆ

ಮದ್ದೂರಿನ ಸುತ್ತ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಂದಿರು ತಮ್ಮ ಸಂಬಳದ ಚೀಟಿಯನ್ನೊಮ್ಮೆ ನೋಡಲಿ. ಅದರಲ್ಲಿ ಇಎಸ್‌ಐ ಕಡಿತವಿದ್ದರೆ ಹೊರರೋಗಿ ಚಿಕಿತ್ಸೆಯೂ ಅವರ ಹಕ್ಕು; ಕುಟುಂಬಕ್ಕೂ ಅದು ಅನ್ವಯಿಸುತ್ತದೆ. 2019ರ ಜುಲೈನಲ್ಲಿ ನಿಗದಿಯಾದ ದರದಂತೆ ನೌಕರರ ಪಾಲು ಶೇ. 0.75, ಮಾಲೀಕರದು ಶೇ. 3.25. ಅಂದರೆ 16,000 ರೂಪಾಯಿ ಸಂಬಳದಲ್ಲಿ 120 ರೂಪಾಯಿ ಕಡಿತ. ಮಾಲೀಕರು 520 ಸೇರಿಸುತ್ತಾರೆ. ಹಲ್ಲಿನ ತೊಂದರೆಗೂ ಮೊದಲು ಇಎಸ್‌ಐ ಚಿಕಿತ್ಸಾಲಯಕ್ಕೇ ಹೋಗಬೇಕು.

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಆದರೆ ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ. ಆದ್ದರಿಂದ ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಮಂಡ್ಯದ ಮಿಮ್ಸ್‌ನಲ್ಲಿ ಮೊದಲು ತೋರಿಸಿ, ಕಾರ್ಡು ನಡೆಯುತ್ತದೆಯೇ ಎಂದು ವಿಚಾರಿಸುವುದು ಲೇಸು.

ಮಂಡ್ಯ ಸಕ್ಕರೆಯ ಜಿಲ್ಲೆ. ಹಲ್ಲಿನ ಸಂದಿಯಲ್ಲಿ ಉಳಿದ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಆಮ್ಲ ಎನಾಮಲ್ಲನ್ನು ಕರಗಿಸುತ್ತದೆ. ಒಮ್ಮೆ ಕುಳಿ ಬಿದ್ದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಕುಳಿ ಚಿಕ್ಕದಿದ್ದಾಗ ಒಂದು ಫಿಲ್ಲಿಂಗ್ ಸಾಕು. ಒಳಗಿನ ನರದವರೆಗೆ ಇಳಿದರೆ ರೂಟ್ ಕೆನಾಲ್ ಬೇಕಾಗಬಹುದು. ಆ ಖರ್ಚು ಸಾಮಾನ್ಯವಾಗಿ ತಂದೆತಾಯಿಯ ಜೇಬಿನದೇ. ಆದ್ದರಿಂದ ಮಕ್ಕಳೇ, ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡ ದಿನವೇ ಮನೆಯಲ್ಲಿ ಹೇಳಿ. ನೋವು ಬರಲೆಂದು ಕಾಯಬೇಡಿ.